ವಡಿವಕ್ಕನ ‘ಇ’ ಡಿಸ್ಕು

ಮದುರೆಯ ಕೀಳವಾಸಲಿನ ನಮ್ಮ ಮದುವೆ ಸ್ಟುಡಿಯೋದಲ್ಲಿ ವಡಿವಕ್ಕನ ಬಾಯಿಗೆ ಹೆದರದವರಿಲ್ಲ. ಎಡಿಟಿಂಗ್ ಅವಳದು, ಕ್ಯಾಮೆರಾ ನನ್ನದು. ಶೂಟ್ ಮಾಡಿದ್ದೆಲ್ಲ ‘ಇ’ ಡಿಸ್ಕಿಗೇ ಹೋಗಬೇಕು. ಎಡಿಟ್ ಮಾಡುವಾಗ ಸಾಫ್ಟ್‌ವೇರ್ ತಾನೇ ಹುಟ್ಟಿಸುವ ಕಸ ‘ಎಫ್’ಗೆ, ಮುಗಿದ ವಿಡಿಯೋ ‘ಜಿ’ಗೆ. ಒಮ್ಮೆ ನಾನು ಎಲ್ಲವನ್ನೂ ಡೆಸ್ಕ್‌ಟಾಪಿಗೆ ಸುರಿದು ಹೋಗಿದ್ದೆ.

“ಏನ್ ತಂಬಿ, ನಿಮ್ಮನೇಲಿ ಅಕ್ಕಿ ತಂದು ಹೊಸಿಲ ಮೇಲೇ ಸುರೀತಾರಾ?” ಎಂದು ಎಲ್ಲರೆದುರು ನನ್ನ ಮಾನ ಕಳೆದಳು. ಎಂಟನೇ ಕ್ಲಾಸು ಓದಿದವಳಿಗೆ ಇಷ್ಟು ಜಂಬವೇ ಎಂದು ಉರಿದುಕೊಂಡಿದ್ದೆ.

ಎರಡನೇ ಪ್ರತಿ ಇಡಲು ಇನ್ನೊಂದು ಡಿಸ್ಕು ಬೇಕೆಂದು ಅವಳು ಒಂದು ವರ್ಷ ಸ್ಟುಡಿಯೋದ ಒಡೆಯರಾದ ಮುದಲಾಳಿಯ ಬೆನ್ನು ಬಿದ್ದಿದ್ದಳು. ಅಂತೂ ಆಯುಧಪೂಜೆಗೆ ಅದು ಬಂತು. ಹಳೆಯ ಡಿಸ್ಕುಗಳನ್ನೂ ಕಳಚಿ, ಒರೆಸಿ, ಗಂಧ ಕುಂಕುಮ ಹಚ್ಚಿ ಸರಸ್ವತಿಯ ಮುಂದಿಟ್ಟೆವು. ಮರುದಿನ ವಿಜಯದಶಮಿ. ಶುಭವಾಗಲೆಂದು ನಾನೇ ಹೊಸದನ್ನು ಮೊದಲು ಕಂಪ್ಯೂಟರಿಗೆ ಚುಚ್ಚಿ, ಹಳೆಯವನ್ನು ಆಮೇಲೆ ಚುಚ್ಚಿದೆ.

ಹತ್ತು ಗಂಟೆಗೆ ಕುಯಿಲಿ ಬಂದಳು. ಮೂರು ತಿಂಗಳ ಹಿಂದೆ ಅವಳ ಮದುವೆಯನ್ನು ನಾವೇ ಶೂಟ್ ಮಾಡಿದ್ದೆವು; ಎಡಿಟಿಂಗ್ ಇನ್ನೂ ಮುಗಿದಿರಲಿಲ್ಲ. ಜೊತೆಗೆ ಅವಳ ಅಜ್ಜಿ ಪೇಚಿಯಮ್ಮಾಳ್. ಮದುಮಕ್ಕಳನ್ನು ಆಟವಾಡಿಸುವ ನಲಂಗಿನ ಶಾಸ್ತ್ರದಲ್ಲಿ ಗಂಡಿನ ಕಡೆಯವರನ್ನು ಹಂಗಿಸಿ ಹಾಡಿದ್ದ ಆ ಅಜ್ಜಿಗೆ ಮರುವಾರವೇ ಲಕ್ವ ಹೊಡೆದು ಮಾತು ನಿಂತಿತ್ತು. ಅವಳ ದನಿ ಇನ್ನು ಉಳಿದದ್ದು ನಮ್ಮ ಡಿಸ್ಕಿನಲ್ಲಿ ಮಾತ್ರ.

ಆ ಹಾಡನ್ನು ಅಜ್ಜಿಗೊಮ್ಮೆ ಕೇಳಿಸಿ ಎಂದಳು ಕುಯಿಲಿ. ಸಾಫ್ಟ್‌ವೇರ್ ತೆರೆದು ನೋಡಿದರೆ ಪರದೆಯ ಉದ್ದಕ್ಕೂ ಕೆಂಪು. ಒಂದು ಫೈಲೂ ಸಿಗುತ್ತಿಲ್ಲ ಎನ್ನುತ್ತಿದೆ.

“ಡಿಸ್ಕ್ ಹೋಯ್ತು ಕಣೋ! ಸ್ಕ್ರೂಡ್ರೈವರ್ ಕೊಡು, ಬಿಚ್ಚಿ ನೋಡೋಣ,” ಎಂದರು ಮುದಲಾಳಿ. ಆ ಸ್ಕ್ರೂಡ್ರೈವರಿಗೂ ಕುಂಕುಮ ಹಚ್ಚಿದ್ದೆವು. ಕುಯಿಲಿಯ ಮುಖ ನೋಡಲಾರದೆ ನಾನು ತಲೆ ತಗ್ಗಿಸಿದೆ.

ಅಷ್ಟರಲ್ಲಿ ವಡಿವಕ್ಕ ಬಂದಳು. “ಅಣ್ಣೇ, ಕೈ ತೆಗೀರಿ ಅದರ ಮೇಲಿಂದ!” ಡಿಸ್ಕುಗಳನ್ನು ನೋಡಿದಳು, ನನ್ನನ್ನೂ ನೋಡಿದಳು. “ಮೊದ್ಲು ಯಾವುದು ಚುಚ್ಚಿದೆ?”

“ಹೊಸದು ಅಕ್ಕಾ... ಶುಭಕ್ಕೆ ಅಂತ.”

“ನಿನ್ ಶುಭಕ್ಕಿಷ್ಟು ಬೆಂಕಿ ಹಾಕ! ಹೊಸದು ಬಂದು ‘ಇ’ ಅಂತ ಹೆಸರಿಟ್ಕೊಂಡು ಕೂತಿದೆ. ಹಳೇದಕ್ಕೆ ‘ಎಚ್’ ಬಿದ್ದಿದೆ. ಸಾಫ್ಟ್‌ವೇರ್ ಪಾಪ, ಹಳೇ ವಿಳಾಸಕ್ಕೇ ಹೋಗಿ ಬಾಗಿಲು ಬಡೀತಿದೆ. ಅಲ್ಲಿ ಯಾರಿದಾರೆ ತೆಗೆಯೋಕೆ?”

ಹೊಸದಕ್ಕೆ ಬೇರೆ ಅಕ್ಷರ ಕೊಟ್ಟಳು, ಹಳೆಯದಕ್ಕೆ ಅದರದೇ ‘ಇ’ ಮರಳಿಸಿದಳು. ಎರಡು ನಿಮಿಷದ ಕೆಲಸ. ಕೆಂಪು ಹೋಯಿತು, ಹಾಡು ಬಂತು. ಕುಯಿಲಿ ಅತ್ತಳು. ಸುಳ್ಳೇಕೆ, ನಾನೂ ಅತ್ತೆ. ವಡಿವಕ್ಕನ ಜಂಬಕ್ಕೆ ಅಂದೇ ಮನಸ್ಸಿನಲ್ಲಿ ಅಡ್ಡಬಿದ್ದೆ.

ಪೇಚಿಯಮ್ಮಾಳ್ ಎಡಗೈಯಿಂದ ಮೊಣಕಾಲಿನ ಮೇಲೆ ತಾಳ ಹಾಕುತ್ತ ತನ್ನ ಹಾಡನ್ನು ತಾನೇ ಕೇಳಿದಳು. ಮುಗಿದ ಮೇಲೆ ವಡಿವಕ್ಕನ ಕಡೆ ತಿರುಗಿ ಕೈ ಮುಗಿಯಲು ಹೋದಳು. ಎಡಗೈ ಬಂತು, ಬಲಗೈ ಏಳಲಿಲ್ಲ. ವಡಿವಕ್ಕ ಕುರ್ಚಿಯಿಂದಿಳಿದು ನೆಲಕ್ಕೆ ಕೂತು, ತನ್ನ ಅಂಗೈಯನ್ನು ಆ ಎಡಗೈಗೆ ಜೋಡಿಸಿದಳು.