ಸೀಸದ ಎಂಬತ್ತೆರಡು

ಸುರಪುರ ಕಡೆಯ ಶೇಖವ್ವ ಪೀಣ್ಯದ ಒಂದು ಶೆಡ್ಡಿನಲ್ಲಿ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದಳು. ದಿನಾ ಸಂಜೆ ಮೇಸ್ತ್ರಿ ಬೆಲ್ಲ ಕೊಟ್ಟು, "ತಿನ್ನಮ್ಮ, ಒಳಗೆ ಹೋಗಿರೋ ಸೀಸ ಎಲ್ಲಾ ಕರಗೋಗುತ್ತೆ" ಅನ್ನುತ್ತಿದ್ದ. ಅವಳು ನಂಬಿದ್ದಳು. ಆರನೇ ವರ್ಷಕ್ಕೆ, 2011ರಲ್ಲಿ, ಅವಳ ಬಲಗೈ ಮಣಿಕಟ್ಟು ಜೋತುಬಿತ್ತು.

ಒಂದು ಭಾನುವಾರ ರಾಜಗೋಪಾಲನಗರದ ಬಾಡಿಗೆ ಕೋಣೆಯಲ್ಲಿ, ಹತ್ತನೇ ತರಗತಿಯ ಮಗಳು ಮಹಾನಂದಾ ಗಟ್ಟಿಯಾಗಿ ಓದುತ್ತಿದ್ದಳು: "ಸೀಸ. ಪರಮಾಣು ಸಂಖ್ಯೆ ಎಂಬತ್ತೆರಡು, ಪರಮಾಣು ತೂಕ ಇನ್ನೂರ ಏಳು."

"ಎರಡೆರಡು ಲೆಕ್ಕ ಯಾಕ?" ಶೇಖವ್ವ ಕೇಳಿದಳು.

"ಒಂದು ಪರಮಾಣುವಿನಾಗ ಎಂಬತ್ತೆರಡು ಪ್ರೋಟಾನ್ ಇರ್ತಾವ ಅವ್ವ, ಅದು ಸಂಖ್ಯೆ. ನ್ಯೂಟ್ರಾನೂ ಕೂಡಿದ್ರ ತೂಕ. ತೂಕ ಚೂರು ಹೆಚ್ಚುಕಡಿಮಿ ಆದ್ರೂ ಅದು ಸೀಸಾನ. ಎಂಬತ್ತೆರಡು ಬದಲಾದ್ರ ಮಾತ್ರ ಸೀಸ ಅಲ್ಲ."

"ಬೆಂಕಿಗೆ ಹಾಕಿದ್ರ ಬದಲಾಗ್ತದೇನು?"

"ಇಲ್ಲ."

"ಬೆಲ್ಲ ತಿಂದ್ರ?"

ಮಹಾನಂದಾ ತಾಯಿಯ ಕೈ ನೋಡಿದಳು.

ಮರುದಿನ ಶೇಖವ್ವ ಆಸ್ಪತ್ರೆಗೆ ಹೋದಳು. ರಕ್ತ ಪರೀಕ್ಷೆಯ ವರದಿ ನೋಡಿದ ಡಾಕ್ಟರು, ಸೀಸ ಮೂಳೆಗೂ ಇಳಿದಿದೆ ಎಂದರು. ಔಷಧಿ ತೆಗೆದುಕೊಂಡರೂ ಕೈ ಸರಿಹೋಗಲಿಲ್ಲ.

ಅವಳು ಕೆಲಸ ಬಿಟ್ಟ ಮೇಲೆ ಆ ಜಾಗಕ್ಕೆ ಸುಮಂಗಲಾ ಎಂಬ ಅವಳೂರಿನ ಹುಡುಗಿ ಸೇರಿದ್ದಳು. ಶೇಖವ್ವ ಶೆಡ್ಡಿನ ಬಾಗಿಲಿಗೇ ಹೋಗಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಹುಡುಗಿ ಪೂರಾ ಕೇಳಿಸಿಕೊಂಡು, "ಬ್ಯಾರೆ ಕೆಲಸ ಎಲ್ಲಿ ಅದ ಅಕ್ಕ?" ಎಂದು ಒಳಗೆ ಹೋದಳು.