ವಾಸಿತಿಯ ಹಸಿರು ಪೈಪು

ನನ್ನ ಕೆಲಸ ನೆಲ ಅಳೆಯುವುದು. ಮುಕ್ಕಾಲಿಯ ಮೇಲೆ ಮಟ್ಟದ ಯಂತ್ರ ಕೂರಿಸಿ, ಒಂದು ಕಣ್ಣು ಮುಚ್ಚಿ, ಎಲ್ಲಿ ಏರು ಎಲ್ಲಿ ತಗ್ಗು ಎಂದು ಬರೆದುಕೊಟ್ಟರೆ ಮುಗಿಯಿತು, ಮನೆಗೆ ಹೋಗಿ ಚಹಾ ಕುಡಿಯಬಹುದು. ವಾಸಿತಿ ರವುಲೊ ಎಂಬವಳ ಜೊತೆ ಸೇರಿದ ಮೇಲೆ ಆ ಸುಖ ಹೋಯಿತು. ಅವಳು ಭೂದೃಶ್ಯ ವಿನ್ಯಾಸಕಿ. ನಾನು ಅಳೆದುಕೊಟ್ಟ ನೆಲದಲ್ಲಿ ನೀರು ಎಲ್ಲಿ ಹರಿಯಬೇಕು, ಮರ ಎಲ್ಲಿ ನಿಲ್ಲಬೇಕು, ಮನುಷ್ಯ ಎಲ್ಲಿ ನಡೆಯಬೇಕು ಎಂದು ನಕ್ಷೆ ಬರೆಯುವವಳು. ಬರೆದು ಸುಮ್ಮನಾಗುವ ಪೈಕಿಯವಳಲ್ಲ. ಕಂಪ್ಯೂಟರಿನಲ್ಲಿ ಎಳೆದ ಗೆರೆಯನ್ನು ನೆಲದ ಮೇಲೂ ನೋಡಲೇಬೇಕು. ಅದಕ್ಕೆಂದೇ ತೋಟಕ್ಕೆ ನೀರು ಬಿಡುವ ಉದ್ದನೆಯ ಹಸಿರು ಪೈಪೊಂದನ್ನು ಹೆಗಲಿಗೆ ಸುತ್ತಿಕೊಂಡು ಬರುತ್ತಾಳೆ. ಅವಳ ಊರಿನ ಹೊಳೆದಂಡೆಯ ಕೆಲಸದಲ್ಲೂ ಹಾಗೇ: ಅದನ್ನು ನಾನು ಹುಲ್ಲಿನ ಮೇಲೆ ಹಾಸಬೇಕು, ಅವಳು ಚರ್ಚಿನ ಮೆಟ್ಟಿಲ ಮೇಲೆ ನಿಂತು ಕೂಗಬೇಕು.

"ಅಪ್ಪಲ್, ಇನ್ನೊಂಚೂರು ಎಡಕ್ಕೆ! ಅಯ್ಯೋ, ಅಷ್ಟಲ್ಲ ಮಾರಾಯ! ನಿನ್ನ ಹೊಟ್ಟೆ ಥರ ಉಬ್ಬಿಸ್ಬೇಡ!"

"ಹೊಟ್ಟೆ ಸುದ್ದಿಗೆ ಬಂದ್ರೆ ಪೈಪು ಹೊಳೆಗೆ ಎಸೀತೀನಿ ನೋಡು!"

ಎಸೆಯಲಿಲ್ಲ. ಬಿಸಿಲಲ್ಲಿ ಬಗ್ಗಿ ಬಗ್ಗಿ ಸೊಂಟ ಬಿದ್ದು ಹೋದರೂ, ಅವಳು ಸಾಕು ಎಂದಾಗ ಎದ್ದು ನೋಡಿದರೆ ಆ ಗೆರೆ ಅಲ್ಲಿಯೇ ಹುಟ್ಟಿದ ಹಾಗೆ ಕಾಣುತ್ತಿತ್ತು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ವಾಸಿತಿ ವಾಯ್ಲಾಲ ಊರಿನವಳು. ಅವಳ ತಾಯಿ ಅರಿಯೆತ, ಊರ ಹೊಳೆಯಲ್ಲಿ ಮುಳುಗಿ ತಿನ್ನುವ ಚಿಪ್ಪುಗಳನ್ನು ಹೆಕ್ಕಿ, ಪೇಟೆಯಲ್ಲಿ ಗುಡ್ಡೆ ಹಾಕಿ ಮಾರಿ ಮಗಳನ್ನು ಆಕ್ಲೆಂಡಿಗೆ ಓದಲು ಕಳಿಸಿದಳು. ಮಗಳು ಡಾಕ್ಟರಾಗಿ ಬರುತ್ತಾಳೆಂದು ಊರಿಗೆಲ್ಲ ಹೇಳಿಟ್ಟಿದ್ದಳು. ಏನು ಓದಿದಳೆಂದು ತಿಳಿದ ದಿನ ಆಕೆ ಚಿಪ್ಪಿನ ಬುಟ್ಟಿ ನೆಲಕ್ಕೆ ಕುಕ್ಕಿದ್ದನ್ನು ಊರವರು ಇವತ್ತಿಗೂ ಆಡಿ ತೋರಿಸುತ್ತಾರೆ.

"ತೋಟ ಮಾಡೋದು ಕಲಿಯೋಕೆ ಸಮುದ್ರ ದಾಟ್ಬೇಕಿತ್ತೇನೇ? ಕೆಸು ನೆಡೋದು ನಾನೇ ಕಲಿಸ್ತಿದ್ನಲ್ಲ!"

ಆಕ್ಲೆಂಡಿನಲ್ಲಿ ವಾಸಿತಿಗೆ ಒಳ್ಳೆಯ ಕೆಲಸವೇ ಸಿಕ್ಕಿತ್ತು. ದೊಡ್ಡ ಅಂಗಡಿಗಳ ಮುಂದೆ ಕಾರು ನಿಲ್ಲಿಸುವ ಜಾಗದಲ್ಲಿ ಸಾಲು ಮರಗಳನ್ನು ಬರೆಯುವುದು. ವರ್ಷಗಟ್ಟಲೆ ಬರೆದಳು, ಒಂದು ದಿನವೂ ಉಗುರಿಗೆ ಮಣ್ಣಾಗಲಿಲ್ಲ. ಕೊನೆಗೆ ಬಿಟ್ಟು ಬಂದು ನಮ್ಮ ರಾಜಧಾನಿ ಸುವಾದಲ್ಲಿ, ಹೊಲಿಗೆ ಅಂಗಡಿಯ ಮಾಳಿಗೆಯ ಮೇಲೆ ಒಂದು ಕೋಣೆಯಲ್ಲಿ ತನ್ನದೇ ಕಚೇರಿ ತೆರೆದಳು. ಆಕ್ಲೆಂಡಿನವರು ಅವಳ ಕುರ್ಚಿಯನ್ನು ಮಳೆಗಾಲ ಮುಗಿಯುವವರೆಗೆ ಖಾಲಿ ಇಡುತ್ತೇವೆಂದರು. ಮೊದಲ ದೊಡ್ಡ ಕೆಲಸ ಸ್ವಂತ ಊರಿನದೇ ಬಂತು. ಪ್ರತಿ ಮಳೆಗಾಲದಲ್ಲೂ ಹೊಳೆ ವಾಯ್ಲಾಲದ ದಂಡೆಯನ್ನು ತಿನ್ನುತ್ತ ಚರ್ಚಿನ ಹತ್ತಿರಕ್ಕೆ ಬರುತ್ತಿತ್ತು. ಹಿಂದೆ ಕಟ್ಟಿಸಿದ ಸಿಮೆಂಟಿನ ಗೋಡೆ ನೀರಿನಲ್ಲಿ ಮಕಾಡೆ ಬಿದ್ದಿತ್ತು. ಊರ ಮುಖ್ಯಸ್ಥ, ವಾಸಿತಿಯ ದೊಡ್ಡಪ್ಪ ಎಮೋಸಿಗೆ ಮತ್ತೆ ಸಿಮೆಂಟೇ ಬೇಕು.

"ಹುಲ್ಲು ನೆಟ್ಟು ಹೊಳೆ ತಡೀತೀಯಾ? ಹೊಳೆ ಏನು ಮೇಕೆನಾ, ಹುಲ್ಲು ನೋಡಿ ನಿಲ್ಲೋಕೆ?"

"ದೊಡ್ಡಪ್ಪ, ಆ ಹುಲ್ಲಿನ ಬೇರು ಮನುಷ್ಯನಿಗಿಂತ ಆಳ ಇಳಿಯುತ್ತೆ. ಒಂದೇ ಒಂದು ಮಳೆಗಾಲ ಕೊಡಿ."

ಯಂಗೋನ ಬೇರು ಅರೆದ ಮತ್ತಿನ ನೀರು ಕುಡಿಯುತ್ತ ಊರೆಲ್ಲ ವಾದ ಮಾಡಿತು. ಬೋಗುಣಿ ಹಲವು ಸಲ ಖಾಲಿಯಾಗಿ ತುಂಬಿದ ಮೇಲೆ ಎಮೋಸಿ ಒಂದು ಮಳೆಗಾಲ ಕೊಟ್ಟ. ಹೊರಗೆ ಬಂದು ವಾಸಿತಿ ನನಗೊಬ್ಬನಿಗೇ ಹೇಳಿದಳು: "ಈ ದಂಡೆ ನಿಂತ್ರೆ ನಾನೂ ನಿಲ್ತೀನಿ ಅಪ್ಪಲ್. ಕೊಚ್ಕೊಂಡು ಹೋದ್ರೆ ಆಕ್ಲೆಂಡಿಗೆ ಹೋಗಿ ಆ ಕುರ್ಚೀಲಿ ಕೂರ್ತೀನಿ, ಮತ್ತೆ ತಲೆ ಎತ್ತಲ್ಲ."

ಹುಲ್ಲೆಂದರೆ ಲಾವಂಚ. ನನ್ನ ಅಣ್ಣನ ಕಬ್ಬಿನ ಹೊಲದ ಬದುವಿನಲ್ಲಿ ಬೇಕಾದಷ್ಟಿತ್ತು. ಅಗೆಸಿ, ಬುಡ ಬಿಡಿಸಿ, ಒದ್ದೆ ಗೋಣಿಯಲ್ಲಿ ಕಟ್ಟಿ ತರಿಸಿದೆವು. ದಂಡೆಯನ್ನು ಅಗಲವಾದ ಮೆಟ್ಟಿಲುಗಳಂತೆ ಕಡಿಸಿದ್ದಾಯಿತು. ಚರ್ಚಿನ ಮುಂದೆ ಚೆಂದಕ್ಕೆಂದು ಬರೆದಿದ್ದ ಇಳಿದಾರಿಯನ್ನು ಅವಳೇ ಅಳಿಸಿದಳು. ಒಂದು ಬೆಳಿಗ್ಗೆ ತಾಯಿಯ ಬುಟ್ಟಿ ಹೊತ್ತು ಹೊಳೆಯಿಂದ ಹತ್ತಿ ನೋಡಿ, ಚಿಪ್ಪು ಹೆಕ್ಕುವ ಹೆಂಗಸರು ಹತ್ತುವ ಜಾಗಕ್ಕೇ ಪೈಪು ಹಾಸಿಸಿದಳು. ಅಂದು ಅರಿಯೆತ ನನಗೆ ತೆಂಗಿನಹಾಲಿನ ಮೀನು ಎರಡು ಸಲ ಬಡಿಸಿದಳು.

ಮರುದಿನ ನೆಡಬೇಕು. ಬೆಳಗಾಗುತ್ತಲೇ ಹೊಳೆಯಾಚೆಯ ನಂಬೂಕದವರ ದೋಣಿಗಳು ಬಂದವು. ನಂಬೂಕ, ವಾಯ್ಲಾಲ ಎರಡೂ ಒಂದಕ್ಕೊಂದು ತೌವು, ಹಳೆಯ ನಂಟಿನ ಊರುಗಳು. ತಲೆತಲಾಂತರದಿಂದ ಒಬ್ಬರನ್ನೊಬ್ಬರು ಬಾಯಿಗೆ ಬಂದಂತೆ ಬೈಯಬಹುದು, ಒಬ್ಬರ ಮನೆಯಿಂದ ಇನ್ನೊಬ್ಬರು ಕಣ್ಣಿಗೆ ಬಿದ್ದದ್ದನ್ನು ಎತ್ತಿಕೊಂಡು ಹೋಗಬಹುದು, ಕೇಳಿದ್ದಕ್ಕೆ ಇಲ್ಲ ಎನ್ನುವಂತಿಲ್ಲ. ಯಾರೂ ಕೋಪಿಸಿಕೊಳ್ಳುವಂತಿಲ್ಲ, ಕೋಪಿಸಿಕೊಂಡವನಿಗೇ ನಾಚಿಕೆಗೇಡು. ನಂಬೂಕದ ಕಿಟಿಯೊನೆ ಎಂಬ ದೈತ್ಯ, ಊರ ರಗ್ಬಿ ತಂಡ ಕಟ್ಟಿದವನು, ನಾವು ಲಾವಂಚ ಇಟ್ಟಿದ್ದ ಹಲಸಿನ ನೆರಳಿಗೆ ನೇರ ನಡೆದು ಗೋಣಿಕಟ್ಟುಗಳನ್ನು ಹೆಗಲಿಗೇರಿಸಿದ.

"ಏನ್ರೋ ಕಪ್ಪೆ ಮೋರೆಯೋರೆ, ಹುಲ್ಲು ತಿನ್ನೋ ಕಾಲ ಬಂತಾ ನಿಮ್ಗೆ? ನಾವೇ ತಿಂತೀವಿ ಬಿಡಿ!"

ವಾಯ್ಲಾಲದವರು ಹೊಟ್ಟೆ ಹಿಡಿದು ನಕ್ಕರು. ಎಮೋಸಿಯೂ ನಕ್ಕ. ದೋಣಿಗಳು ಹುಲ್ಲೆಲ್ಲ ತುಂಬಿಕೊಂಡು ಹೋದವು. ನನ್ನ ಮೈ ಉರಿದುಹೋಯಿತು. ನಾನು ಅವರ ಪೈಕಿಯವನಲ್ಲ, ನನಗೆ ತೌವೂ ಇಲ್ಲ, ಗೀವೂ ಇಲ್ಲ. ಅಣ್ಣನ ಬದುವಿನಲ್ಲಿ ಇನ್ನು ಒಂದು ಕಡ್ಡಿಯೂ ಉಳಿದಿರಲಿಲ್ಲ, ಮೋಡ ಆಗಲೇ ಬೆಟ್ಟದ ಮೇಲೆ ಕೂತಿತ್ತು. ವಾಸಿತಿಯ ಮುಖ ನೋಡಲಾರದೆ ನಾನು ಯಂತ್ರ ಒರೆಸುತ್ತ ನಿಂತೆ.

ಅವಳು ಖಾಲಿ ಮೆಟ್ಟಿಲುಗಳನ್ನು ನೋಡಿದಳು. ಆಚೆ ದಡ ನೋಡಿದಳು. ಆಮೇಲೆ ನಗತೊಡಗಿದಳು.

"ಅಪ್ಪಲ್, ದೋಣಿ ಹತ್ತು. ಕದಿಯೋಕೆ ಹೋಗೋಣ."

"ಯಂಗೋನ ಬೇರು ತಗೊಳ್ಳಲ್ವಾ? ಬರಿಗೈಲಿ ಪರೂರಿಗೆ ಹೋಗ್ತಾರಾ?"

"ಕದಿಯೋಕೆ ಹೋಗೋರು ಕಾಣಿಕೆ ತಗೊಂಡು ಹೋಗ್ತಾರೇನೋ!"

ನಂಬೂಕದ ರಗ್ಬಿ ಮೈದಾನದ ಸುತ್ತ ಹಾಲುವಾಣದ ಬೇಲಿ ಇದೆ. ಹಾಲುವಾಣದ ಗೂಟ ಹಸಿಯಾಗಿ ನೆಟ್ಟರೆ ಸಾಕು, ಬೇರು ಬಿಟ್ಟು ಮರವಾಗುತ್ತದೆ. ಮೈದಾನದಲ್ಲಿ ತಂಡ ಓಡುತ್ತಿತ್ತು. ವಾಸಿತಿ ನಡುವೆ ಹೋಗಿ ಚೆಂಡು ಕಿತ್ತುಕೊಂಡಳು.

"ಕಿಟಿಯೊನೆ, ಈ ಬೇಲಿ ನಂದು."

"ಏನೇ ಹಂದಿಮರಿ?"

"ಬೇಲಿ ನಂದು. ಬೇಲಿ ಕಡಿಯೋಕೆ ನಿನ್ನ ಹುಡುಗರೂ ನಂದು. ಅರ್ಧ ಹುಲ್ಲೂ ವಾಪಸ್ ನಂದು. ಇನ್ನರ್ಧ ತಿನ್ಕೋ, ಇಲ್ಲ ಹಂದಿ ಗೂಡಿನ ಹಿಂದೆ ನೆಟ್ಕೋ. ಇಲ್ಲ ಅಂತೀಯೇನು? ಅಂದು ನೋಡು!"

ಕಿಟಿಯೊನೆ ಕೊಡಲಿ ತರಿಸಿದ. ತೌವು ಕೇಳಿದ್ದಕ್ಕೆ ಇಲ್ಲ ಎನ್ನುವುದೆಲ್ಲಿ? ಈ ಸಲ ನಗುವ ಸರದಿ ಅವನ ಊರಿನ ಹೆಂಗಸರದಾಯಿತು. ಅವತ್ತೇ ನಂಬೂಕದ ಇಡೀ ರಗ್ಬಿ ತಂಡ ಗೂಟವನ್ನೂ ಅರ್ಧ ಹುಲ್ಲನ್ನೂ ಹೊತ್ತು ಹೊಳೆ ದಾಟಿತು.

ವಾಸಿತಿ ನಕ್ಷೆ ತಿದ್ದಿದಳು. ಎರಡು ಸಾಲು ಹುಲ್ಲಿದ್ದಲ್ಲಿ ಒಂದು ಸಾಲು ಹುಲ್ಲು, ಒಂದು ಸಾಲು ಹಾಲುವಾಣದ ಗೂಟ. ಪೈಪು ಮತ್ತೆ ನೆಲಕ್ಕೆ ಬಂತು, ನಾನು ಮತ್ತೆ ಬಗ್ಗಿದೆ. ಆ ಹುಡುಗರು ಗೂಟ ಹೊಡೆಯುವ ಅಬ್ಬರಕ್ಕೆ ಚರ್ಚಿನ ಕಿಟಕಿಗಳು ಅದುರಿದವು. ಮೊದಲಿನ ನಕ್ಷೆಗಿಂತ ಇದೇ ಗಟ್ಟಿ ಎಂದು ನನಗೆ ಅನ್ನಿಸಿತು, ಹೇಳಲಿಲ್ಲ. ಅವಳಿಗೆ ಕೊಬ್ಬು ಹೆಚ್ಚಾಗುತ್ತದೆ.

ಮಳೆ ಬಂತು. ಗೂಟಗಳು ಚಿಗುರಿದವು, ಲಾವಂಚ ಮೊಣಕಾಲಿಗೆ ಬಂತು. ಆಮೇಲೆ ಒಂದು ವಾರ ಬಿಡದೆ ಹೊಡೆದು ಹೊಳೆ ಕೆಂಪಗೆ ಉಕ್ಕಿ ಮೆಟ್ಟಿಲುಗಳನ್ನೆಲ್ಲ ನುಂಗಿತು. ರಸ್ತೆ ಮುಚ್ಚಿತ್ತು, ನಾವಿಬ್ಬರೂ ಸುವಾದಲ್ಲಿ ಸಿಕ್ಕಿಬಿದ್ದೆವು. ವಾಸಿತಿ ಊಟ ಬಿಟ್ಟಳು. ದಾರಿ ತೆರೆದ ಬೆಳಿಗ್ಗೆ ವಾಯ್ಲಾಲಕ್ಕೆ ಹೋಗಿ ನೋಡಿದರೆ ಹುಲ್ಲು ಮಲಗಿತ್ತು, ಎಲೆಗಳಿಗೆ ಕೆಸರು ಮೆತ್ತಿತ್ತು. ದಂಡೆ ಒಂದು ಹಿಡಿಯೂ ಕದಲಿರಲಿಲ್ಲ. ನಾನು ಯಂತ್ರ ಹೂಡಿ ನೋಡಿದೆ, ನಂಬಿಕೆಯಾಗದೆ ಮತ್ತೆ ನೋಡಿದೆ. ಚಿಪ್ಪಿನ ಹೆಂಗಸರು ಆಗಲೇ ಬುಟ್ಟಿ ಹಿಡಿದು ಇಳಿದಾರಿಯಲ್ಲಿ ಇಳಿಯುತ್ತಿದ್ದರು. ಎಮೋಸಿ ಲಾವಂಚದ ಒಂದು ಬುಡ ಹಿಡಿದು ಎಳೆದ, ಎರಡೂ ಕೈಯಲ್ಲಿ ಎಳೆದ, ಅದು ಬರಲಿಲ್ಲ.

ಅಷ್ಟರಲ್ಲಿ ನಂಬೂಕದ ದೋಣಿ ಬಂತು. ಈ ಸಲ ಬೈಗುಳವಿಲ್ಲ. ಗಂಡಸರೆಲ್ಲ ಒಗೆದ ಸುಲು ಪಂಚೆ ಉಟ್ಟು, ತಲೆ ತಗ್ಗಿಸಿ, ಸಾಲಾಗಿ ಬಂದು ಎಮೋಸಿ ಹಾಸಿಸಿದ ಚಾಪೆಯ ಮೇಲೆ ಕೂತರು. ಯಾರೋ ಸತ್ತಿದ್ದಾರೆಂದುಕೊಂಡು ನಾನು ಟೋಪಿ ತೆಗೆದೆ. ಕಿಟಿಯೊನೆ ಮಡಿಲಿನಿಂದ ತಂಬುವ ತೆಗೆದ, ಹಗ್ಗ ಕಟ್ಟಿದ ತಿಮಿಂಗಿಲದ ಹಲ್ಲು. ಸಾವಿಗೆ, ಮದುವೆಗೆ, ದೊಡ್ಡ ಬೇಡಿಕೆಗೆ ಬಿಟ್ಟರೆ ಅದು ಪೆಟ್ಟಿಗೆಯಿಂದ ಹೊರಗೆ ಬರುವುದಿಲ್ಲ. ಎಮೋಸಿ ಮುಖ್ಯಸ್ಥನ ಗತ್ತಿನಲ್ಲಿ ಕೈ ಚಾಚಿದ.

"ನಿಮ್ಗಲ್ಲ ಹಿರೀರೆ," ಎಂದ ಕಿಟಿಯೊನೆ. "ಅವಳಿಗೆ."

ಅವನು ಹಲ್ಲನ್ನು ವಾಸಿತಿಯತ್ತ ಚಾಚಿದ. "ನಿಮ್ಮಿಂದ ಕದ್ದ ಹುಲ್ಲು ಹಂದಿ ಗೂಡಿನ ಹಿಂದೆ ನೆಟ್ವಿ, ತಮಾಷೆಗೆ. ಅಲ್ಲಿ ದಂಡೆ ನಿಂತಿದೆ. ಬೇರೆ ಎಲ್ಲಾ ಕಡೆ ಹೋಯ್ತು. ಮೈದಾನದ ಅಂಚು ಹೋಯ್ತು, ನನ್ನ ಅಜ್ಜಿಯ ಅಡಿಗೆಮನೆ ಹೋಯ್ತು. ಆ ಕುರ್ಚಿ ಸುದ್ದಿ ಹೊಳೆ ದಾಟಿ ನಮ್ಗೂ ಬಂದಿದೆ. ಆಕ್ಲೆಂಡಿಗೆ ಹೋಗ್ಬೇಡ ತಂಗಿ. ನಮ್ಮ ದಂಡೆ ಮಾಡ್ಕೊಡು."

ವಾಸಿತಿ ಎರಡೂ ಕೈಯಲ್ಲಿ ತಂಬುವ ತೆಗೆದುಕೊಂಡಳು. ತೆಗೆದುಕೊಂಡರೆ ಮಾತು ಕೊಟ್ಟಂತೆ, ಹಿಂದೆ ಸರಿಯುವಂತಿಲ್ಲ. ಆಕ್ಲೆಂಡಿನ ಕುರ್ಚಿ ಅಲ್ಲಿಗೆ ಮುಗಿಯಿತು. ಅವಳು ಅಳುತ್ತಿದ್ದಳು, ನಾನೂ ಅಳುತ್ತಿದ್ದೆ, ಖುಷಿಗೆ. ಅರಿಯೆತ ಚಿಪ್ಪಿನ ಬುಟ್ಟಿ ಕೆಳಗಿಟ್ಟು ಪಕ್ಕದವಳಿಗೆ ಕೇಳುವಂತೆ ಹೇಳಿದಳು, "ಡಾಕ್ಟರು ಒಬ್ಬೊಬ್ಬರನ್ನ ನೋಡ್ತಾರೆ. ನನ್ನ ಮಗಳು ಊರನ್ನೇ ನೋಡ್ತಾಳೆ."

ವಾಸಿತಿ ಮೂಗು ಒರೆಸಿಕೊಂಡು ಎದ್ದಳು. "ನಡೀರಿ, ಈಗಲೇ ನೋಡೋಣ. ಅಪ್ಪಲ್, ಪೈಪು ತಾ."

ಚರ್ಚಿನ ಗೋಡೆಗೆ ನೇತುಹಾಕಿದ್ದ ಪೈಪು ಅಲ್ಲಿರಲಿಲ್ಲ. ನಾನು ಹಲಸಿನ ಮರದಡಿ ಹುಡುಕಿದೆ, ಹಿತ್ತಲಲ್ಲಿ ಹುಡುಕಿದೆ.

"ಹುಡುಕ್ಬೇಡ ಮಾರಾಯ," ಎಂದ ಕಿಟಿಯೊನೆ. ಅವನ ಮುಖದಲ್ಲಿ ಹಳೆಯ ನಗು ಮರಳಿತ್ತು. "ಚಾಪೆ ಮೇಲೆ ಕೂರೋ ಮುಂಚೆನೇ ಕದ್ದು ನಮ್ಮ ದೋಣೀಲಿ ಹಾಕಿದೀವಿ."