ಅಧ್ಯಕ್ಷರ ಜೇಬಿನ ಬೀಗದಕೈ
ನಮ್ಮ ಪೇಟೆಯ ಸಣ್ಣ ಸರ್ಕಾರಿ ಪ್ರೌಢಶಾಲೆಗೆ ಮಕ್ಕಳನ್ನು ಸೇರಿಸಬಹುದೇ ಎಂದು ಪರೀಕ್ಷಿಸಲು ಬರುವವರಿಗೆ ಗೇಟಿನಲ್ಲೇ ಎದುರಾಗುವವನು ಶಾಲಾಭಿವೃದ್ಧಿ ಸಮಿತಿ ಎಸ್‌ಡಿಎಂಸಿಯ ಅಧ್ಯಕ್ಷ ಸಿದ್ದರಾಮು. ಬಿಸಿಯೂಟದ ಸಾರನ್ನು ಅಂಗೈಗೆ ಹಾಕಿಸಿಕೊಂಡು ನೆಕ್ಕಿ, "ನಮ್ಮನೇಲೂ ಇಂಗಾಗಕಿಲ್ಲ ಕಣಣ್ಣ" ಎಂದು ಹೆಂಡತಿಯ ಮಾನವನ್ನು ಶಾಲೆಗೆ ದಾನ ಮಾಡುತ್ತಾನೆ. ಕಂಪ್ಯೂಟರುಗಳನ್ನು ಮಲಗಿದ ಹಸುಗೂಸುಗಳಂತೆ ಹೊದಿಕೆ ಸರಿಸದೆಯೇ ತೋರಿಸುತ್ತಾನೆ. ಕಡೆಗೆ ಜೇಬಿನಿಂದ ಬೀಗದಕೈ ತೆಗೆದು ಹೆಣ್ಣುಮಕ್ಕಳ ಶೌಚಾಲಯವನ್ನು ತೆರೆದು, "ಟೈಲ್ಸಲ್ಲಿ ಮೊಕ ನೋಡ್ಕಬೋದು" ಎನ್ನುತ್ತಾನೆ. ಬಂದವರು ಬೆರಗಾಗಿ ಹೊರಟೊಡನೆ ಮತ್ತೆ ಬೀಗ ಜಡಿಯುತ್ತಾನೆ. ಮಕ್ಕಳು ಬಳಸಿಬಿಟ್ಟರೆ ಮುಂದೆ ಬರುವವರಿಗೆ ತೋರಿಸುವುದೇನನ್ನು? ಅದೇ ಶಾಲೆಯಲ್ಲಿ ಒಂಬತ್ತನೆಯ ತರಗತಿ ಓದುವ ಅವನ ಮಗಳು ಮಾನಸ ಸಂಜೆ ಮನೆ ಸೇರಿದೊಡನೆ ಬಚ್ಚಲಿಗೆ ಓಡಿ, ಅನಂತರ ನಿಂತಲ್ಲೇ ಚೊಂಬು ನೀರು ಕುಡಿಯುತ್ತಾಳೆ. ಅದನ್ನು ಅವನು ಓದಿನ ದಣಿವೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಈಚೆಗೆ ಕ್ಯಾತನಹಳ್ಳಿಯ ಸರಸಮ್ಮ ಮೊಮ್ಮಗಳನ್ನು ಕರೆತಂದು, ಎಲ್ಲವನ್ನೂ ನೋಡಿ, "ಪರವಾಗಿಲ್ಲ, ಸೇರುಸ್ಬೋದು" ಎಂದಳು. ಅಧ್ಯಕ್ಷ ಬಾಗಿಲೆಳೆದು ಬೀಗ ಹಾಕತೊಡಗಿದಾಗ, ಬಿಸಿಲಿಗೆ ಬಾಯಾರಿದ ಆ ಹುಡುಗಿ ಪಕ್ಕದ ನಲ್ಲಿಗೆ ಬೊಗಸೆಯೊಡ್ಡಿದಳು. ಅಲ್ಲೇ ತಟ್ಟೆ ತೊಳೆಯುತ್ತಿದ್ದ ಮಾನಸ ಅವಳಿಗೆ ಅಕ್ಕರೆಯಿಂದ ಬುದ್ಧಿ ಹೇಳಿದಳು: "ಇಲ್ಲಿಗೆ ಸೇರ್ಕಂಡ್ಮೇಲೆ ನೀರ್ ಕುಡಿಯದ್ನ ಬುಟ್ಬುಡು ಕಣೆ. ಸಂಜೆಗಂಟ ತಡ್ಕಬೇಕಾಯ್ತದೆ." ಸರಸಮ್ಮ ತಿರುಗಿ, "ಯಾರ ಮಗಳಪ್ಪ ಈ ಮಗ?" ಎಂದು ಕೇಳಿದಳು. ಸಿದ್ದರಾಮು ಬೀಗಕ್ಕೆ ತೂರಿಸಿದ್ದ ಬೀಗದಕೈಯನ್ನು ತಿರುಗಿಸಲಿಲ್ಲ.